ದಿವಾನ್ ಸಾಹೇಬರ ಪೂರ್ವಾಶ್ರಮ

1184ರ ಸೆಪ್ಟೆಂಬರ್. ಮೆಕ್ಕಾ ಯಾತ್ರೆ ಮುಗಿಸಿ ಸ್ಪೇನಿನ ಗ್ರಾನಡಾಕ್ಕೆ ಮರಳುತ್ತಿದ್ದ ಇಬ್ನ್ ಜುಬೈರ್ ಎಂಬಾತ ಡಮಾಸ್ಕಸ್‌ನಿಂದ ವರ್ತಕರ ತಂಡವೊಂದರ ಜೊತೆ ಹೊರಟು ಕಡಲ ದಡದ ಅಕ್ಕಾ ಪಟ್ಟಣ ತಲುಪಿದ. ಊರು ಆಗ ಕ್ರೈಸ್ತ ಕ್ರುಸೇಡರ್‌ಗಳ ಕೈಯಲ್ಲಿತ್ತು. ಬಂದವರನ್ನೆಲ್ಲ ನೇರವಾಗಿ ಸುಂಕದ ಕಟ್ಟೆಗೆ ಕರೆದೊಯ್ದರು. ಬಾಗಿಲ ಮುಂದೆ ಕಲ್ಲಿನ ಜಗಲಿ, ಜಗಲಿಯ ಮೇಲೆ ಜಮಖಾನ, ಜಮಖಾನದ ಮೇಲೆ ಕ್ರೈಸ್ತ ಗುಮಾಸ್ತರು. ಅವರೆದುರು ಚಿನ್ನದ ಕುಸುರಿ ಮಾಡಿದ ಕರಿಮರದ ದೌತಿಗಳು. ಬರೆಯುತ್ತಿದ್ದದ್ದೂ ಅರಬ್ಬಿ, ಆಡುತ್ತಿದ್ದದ್ದೂ ಅರಬ್ಬಿ. ವರ್ತಕರು ಮೂಟೆ ಇಳಿಸಿದರು. ಸರಕಿಲ್ಲದವರ ಗಂಟನ್ನೂ ಬಿಚ್ಚಿ ನೋಡಿದರು, ಆದರೆ ಮರ್ಯಾದೆಯಿಂದ ನೋಡಿದರು ಎಂದು ಆತ ಬರೆದಿಟ್ಟಿದ್ದಾನೆ.

ಆ ಮರ್ಯಾದೆಯ ಮಾತಿಗೆ ಕಾರಣವಿತ್ತು. ಹಿಂದಿನ ವರ್ಷ ಅಲೆಕ್ಸಾಂಡ್ರಿಯಾದಲ್ಲಿ ಇಳಿದಾಗ ತನ್ನದೇ ಧರ್ಮದ ಅಧಿಕಾರಿಗಳು ಯಾತ್ರಿಕರ ಸೊಂಟಪಟ್ಟಿಯೊಳಗೆ ಕೈಹಾಕಿ ತಡಕಿದ್ದರು, ಬೇರೇನೂ ಬಚ್ಚಿಟ್ಟಿಲ್ಲವೆಂದು ಕುರಾನಿನ ಮೇಲೆ ಆಣೆ ಹಾಕಿಸಿದ್ದರು. ಆ ನೂಕುನುಗ್ಗಲಿನಲ್ಲಿ ಹಲವರ ಸಾಮಾನು ಕಳೆದೇ ಹೋಯಿತು. ಸುಲ್ತಾನ ಸಲಾದಿನ್‌ಗೆ ಇದು ತಿಳಿದಿರಲಾರದು, ತಿಳಿದಿದ್ದರೆ ನಿಲ್ಲಿಸುತ್ತಿದ್ದ ಎಂದು ಇಬ್ನ್ ಜುಬೈರ್ ಸಮಾಧಾನ ಮಾಡಿಕೊಳ್ಳುತ್ತಾನೆ. ಮೇಲಿನವರು ಒಳ್ಳೆಯವರು, ಕೆಳಗಿನವರೇ ಹಾಗೆ ಎಂಬ ನಂಬಿಕೆ ಎಷ್ಟು ಹಳೆಯದು ನೋಡಿ.

ಎರಡೂ ಕಡೆ ಆತ ಆ ಕಚೇರಿಗೆ ಬಳಸುವ ಹೆಸರು ಒಂದೇ: ದೀವಾನ್. ಲೆಕ್ಕ ಬರೆಯುವುದು, ತೆರಿಗೆ ಎತ್ತುವುದು, ಹಾಸಿನ ಮೇಲೆ ಕೂರುವುದು, ಮೂರೂ ಅಕ್ಕಾದ ಆ ಜಗಲಿಯಲ್ಲಿ ಒಟ್ಟಿಗಿದ್ದವು. ಮುಂದೆ ಮೂರೂ ಬೇರೆಬೇರೆ ಊರು ಹಿಡಿದು ಹೊರಟವು. ಇವತ್ತು ಮಾಸ್ಕೋದಲ್ಲಿ ದಿವಾನ್ ಎಂದರೆ ಸೋಫಾ. ಶಿರಾಜ್‌ನಲ್ಲಿ ಕವಿ ಹಾಫಿಜ್‌ನ ಗಜಲುಗಳ ಪುಸ್ತಕ. ಕ್ವಾಲಾಲಂಪುರದಲ್ಲಿ ಸಂಸತ್ತಿನ ಸದನ. ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ವೇಷ ಮರೆಸಿಕೊಂಡು 'ಅದುವಾನಾ' ಎಂಬ ಫಲಕವಾಗಿ ನಿಂತಿರುವುದೂ ಇದೇ. ಮೈಸೂರಿನ ಹಿರಿಯರಿಗೆ ದಿವಾನರೆಂದರೆ ಪೂರ್ಣಯ್ಯ, ವಿಶ್ವೇಶ್ವರಯ್ಯ, ಮಿರ್ಜಾ ಸಾಹೇಬರು. ಅವರ ಮೊಮ್ಮಕ್ಕಳಿಗೆ ದಿವಾನ್ ಎಂದರೆ ಹಾಲಿನ ಮೂಲೆಯ ಮಂಚ.

ಇಷ್ಟೊಂದು ಅರ್ಥಗಳಿಗೆ ಒಬ್ಬ ಮೂಲಪುರುಷ ಬೇಕಲ್ಲ. ಅವನು ರಾಜನಲ್ಲ, ಮಂತ್ರಿಯಲ್ಲ, ಲೆಕ್ಕ ಬರೆಯುವ ಗುಮಾಸ್ತ. ಅವನ ಕೈಯಲ್ಲಿದ್ದದ್ದು ಹಸಿಮಣ್ಣಿನ ಹಲಗೆ.

ಇಂದಿನ ಇರಾಕಿನ ದಕ್ಷಿಣದಲ್ಲಿದ್ದ ಸುಮೇರಿಯನ್ನರು ಬರೆಯುವ ಮಣ್ಣಿನ ಹಲಗೆಯನ್ನು 'ದುಬ್' ಎನ್ನುತ್ತಿದ್ದರು. ಬರೆಯುವವನು 'ದುಬ್‌ಸಾರ್'. ಬರೆಯಲು ಕಲಿಸುವ ಶಾಲೆ 'ಎದುಬ್ಬಾ', ಅಂದರೆ ಹಲಗೆಗಳ ಮನೆ. ಅವರ ನಂತರ ಬಂದ ಅಕ್ಕಾಡಿಯನ್ನರು ಅದನ್ನು 'ತುಪ್ಪು' ಮಾಡಿಕೊಂಡರು, ಇರಾನಿನ ನೈಋತ್ಯದ ಎಲಾಮಿನವರು 'ತುಪ್ಪಿ' ಎಂದರು. ಎಲಾಮಿನವರಿಂದ ಪದ ಪರ್ಷಿಯನ್ನರ ಕೈಗೆ ದಾಟಿದಾಗ 'ದಿಪಿ' ಆಯಿತು. ಕ್ರಿ.ಪೂ. 520ರ ಸುಮಾರಿಗೆ ಬೆಹಿಸ್ತೂನ್ ಬಂಡೆಯ ಮೇಲೆ ಮೂರು ಭಾಷೆಗಳಲ್ಲಿ ತನ್ನ ಗೆಲುವುಗಳನ್ನು ಕೊರೆಸಿದ ದೊರೆ ಡೇರಿಯಸ್, ಆ ಬರಹವನ್ನು ದಿಪಿ ಎಂದೇ ಕರೆದಿದ್ದಾನೆ. ಆದರೆ ಸಾಮ್ರಾಜ್ಯ ನಡೆದದ್ದು ಬಂಡೆಯ ಬರಹದಿಂದಲ್ಲ. ಅವನ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ 1933ರಲ್ಲಿ ಅಗೆದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಬಹುಪಾಲು ಎಲಾಮಿನ ಭಾಷೆಯಲ್ಲಿವೆ. ಯಾವ ಕೂಲಿಯವನಿಗೆ ಎಷ್ಟು ಧಾನ್ಯ, ಯಾವ ಪ್ರಯಾಣಿಕನಿಗೆ ಎಷ್ಟು ಹಿಟ್ಟು, ಎಷ್ಟು ದ್ರಾಕ್ಷಾರಸ ಎಂಬ ಪಡಿಯ ಲೆಕ್ಕವೇ ಅವುಗಳಲ್ಲಿ ತುಂಬಿದೆ. ರಾಜರ ಯುದ್ಧದ ಕಥೆಗಿಂತ ಈ ಪಡಿಲೆಕ್ಕವೇ ನನಗೆ ಹೆಚ್ಚು ನಂಬಿಕೆಯದೆನಿಸುತ್ತದೆ.

ಈ ದಿಪಿ ನಮ್ಮ ಕಡೆಗೂ ಬಂತು. ಪರ್ಷಿಯನ್ ಸಾಮ್ರಾಜ್ಯದ ಪೂರ್ವದ ಅಂಚು ಗಾಂಧಾರವನ್ನು ಮುಟ್ಟಿತ್ತು. ಆ ಸೀಮೆಯವನೇ ಆದ ಪಾಣಿನಿ ತನ್ನ ಅಷ್ಟಾಧ್ಯಾಯಿಯ ಸೂತ್ರವೊಂದರಲ್ಲಿ 'ಲಿಪಿ', 'ಲಿಬಿ' ಎಂದು ಎರಡೂ ರೂಪ ಹೇಳುತ್ತಾನೆ. ಒಂದೇ ಪದಕ್ಕೆ ಎರಡು ಉಚ್ಚಾರ ಇತ್ತೆಂದರೆ ಅದಿನ್ನೂ ಹೊಸ ನೆಂಟನಾಗಿತ್ತು ಎಂದರ್ಥ. ಇಂದಿನ ಪಾಕಿಸ್ತಾನದ ಮರ್ದಾನ್ ಬಳಿಯ ಶಾಹಬಾಜ್‌ಗಢಿಯಲ್ಲಿ ಅಶೋಕ ಕೊರೆಸಿದ ಶಾಸನಗಳಲ್ಲಿ 'ದಿಪಿ' ಎಂದೇ ಇದೆ. ಬೇರೆ ಹಲವೆಡೆ ಅದೇ ಶಾಸನಗಳಲ್ಲಿ 'ಲಿಪಿ'. ದಕಾರ ಲಕಾರವಾದದ್ದು ಸಂಸ್ಕೃತದ 'ಲಿಪ್' ಎಂಬ ಬಳಿಯುವ ಧಾತುವಿನ ಸೆಳೆತದಿಂದ ಎಂದು ಹೆಚ್ಚಿನ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪರವೂರಿನ ಪದಕ್ಕೆ ಗೋತ್ರ ಹುಡುಕಿ ಮನೆಯೊಳಗೆ ಸೇರಿಸಿಕೊಂಡ ಹಾಗೆ. ಅಶೋಕನ ಹದಿನಾಲ್ಕನೆಯ ಬಂಡೆಶಾಸನದಲ್ಲಿ ಒಂದು ಸೊಗಸಾದ ಒಪ್ಪಿಗೆಯಿದೆ: ಇಲ್ಲೇನಾದರೂ ಅರೆಬರೆಯಾಗಿದ್ದರೆ ಅದು ಬರೆದವನ ತಪ್ಪಿನಿಂದಲೂ ಆಗಿರಬಹುದು. ಬರೆದವನು ಅಲ್ಲಿ 'ದಿಪಿಕರ', ಇಲ್ಲಿ 'ಲಿಪಿಕರ'.

ಅಂಥ ಒಬ್ಬ ಲಿಪಿಕರನ ಹೆಸರು ಕರ್ನಾಟಕದಲ್ಲೇ ಉಳಿದಿದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಹತ್ತಿರ ಹತ್ತಿರವಿರುವ ಈ ಮೂರು ಕಡೆ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಗೆ ಚಪಡ ಎಂಬವನು ಇದನ್ನು ಬರೆದನೆಂದಿದೆ. ಆಮೇಲೆ ಬರುವ 'ಲಿಪಿಕರೇಣ' ಎಂಬ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿದೆ. ಖರೋಷ್ಠಿ ನಡೆಯುತ್ತಿದ್ದದ್ದು ದೂರದ ಗಾಂಧಾರದ ಕಡೆ. ಮೊಳಕಾಲ್ಮೂರಿನಲ್ಲಿ ಅದನ್ನು ಓದುವವರು ಯಾರೂ ಇದ್ದಿರಲಾರರು. ಚಪಡ ಅದನ್ನು ಬರೆದದ್ದು ತನಗಾಗಿಯೇ ಇರಬೇಕು, ನನಗೆ ಈ ಅಕ್ಷರವೂ ಬರುತ್ತದೆ ಎಂದು ತೋರಿಸಿಕೊಳ್ಳಲು. ಅವನು ಹುಟ್ಟಿದ ಸೀಮೆ ಗಾಂಧಾರವೇ ಆಗಿದ್ದರೆ, ಊರಿನಲ್ಲಿ ಅವನ ಕಸುಬಿನ ಹೆಸರು ದಿಪಿಕರ. ಮೈಸೂರಿಗೆ ದಿವಾನರು ಬರುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಆ ಕುಟುಂಬದ ಪದವೊಂದು ಬಯಲುಸೀಮೆಯ ಬಂಡೆಯ ಮೇಲೆ ರುಜು ಹಾಕಿತ್ತು.

ಇತ್ತ ಇರಾನಿನಲ್ಲಿ ದಿಪಿಯ ಸಂಸಾರ ಬೆಳೆಯಿತು. ಬರೆಯುವವನು ಕಾಲಕ್ರಮದಲ್ಲಿ 'ದಬೀರ್' ಆದ. ಶಿವಾಜಿಯ ಅಷ್ಟಪ್ರಧಾನರಲ್ಲಿ ಪರರಾಜ್ಯಗಳ ವ್ಯವಹಾರ ನೋಡುವವನ ಹೆಸರು ಇದೇ ದಬೀರ. ಪಟ್ಟಾಭಿಷೇಕದ ಕಾಲಕ್ಕೆ ಆ ಹುದ್ದೆಗೆ ಸಂಸ್ಕೃತದ 'ಸುಮಂತ' ಎಂಬ ಹೆಸರಾಯಿತು. ಬರಹಗಳನ್ನು ಇಡುವ ಮನೆ, ಹಳೆಯ ಪರ್ಷಿಯನ್ನಿನ 'ದಿಪಿ-ವಹನ' ಎಂದು ವಿದ್ವಾಂಸರು ಕಟ್ಟಿಕೊಟ್ಟಿರುವ ರೂಪ, ಸವೆದು ಸವೆದು 'ದೇವಾನ್', ಆಮೇಲೆ 'ದೀವಾನ್' ಆಯಿತು. ಸುಮೇರಿಯನ್ನರ ಹಲಗೆಮನೆಯೇ ಬೇರೆ ಹೆಂಚು ಹೊದ್ದು ಮತ್ತೆ ನಿಂತಿತು.

ಜನಕ್ಕೆ ಇಂಥ ವಿವರಣೆ ರುಚಿಸುವುದಿಲ್ಲ, ಕಥೆ ಬೇಕು. ಹದಿನಾಲ್ಕನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಒಂದು ಕಥೆ ಕೊಡುತ್ತಾನೆ. ಪರ್ಷಿಯಾದ ದೊರೆ ಖುಸ್ರೋ ಒಂದು ದಿನ ಲೆಕ್ಕದವರ ಕೋಣೆಗೆ ಹೋದನಂತೆ. ಎಲ್ಲರೂ ತಲೆ ಬಗ್ಗಿಸಿ, ತಮ್ಮಷ್ಟಕ್ಕೆ ತಾವೇ ಏನೋ ಗೊಣಗುತ್ತಾ, ಮನಸ್ಸಿನಲ್ಲೇ ಕೂಡುತ್ತಾ ಕಳೆಯುತ್ತಾ ಕೂತಿದ್ದರು. 'ದೀವಾನೆ!' ಎಂದ ದೊರೆ. ಹುಚ್ಚರು! ಅಂದಿನಿಂದ ಆ ಕೋಣೆಗೆ ಆ ಹೆಸರು. ಮಾರ್ಚ್ ತಿಂಗಳ ಕೊನೆಯ ವಾರ ಯಾವುದೇ ಬ್ಯಾಂಕಿಗೆ ಹೋದವರು ಈ ಕಥೆಯನ್ನು ನಂಬಿಯೇ ನಂಬುತ್ತಾರೆ. ಆದರೆ ಹಿಂದಿ ಸಿನಿಮಾದ ದೀವಾನಾ ಬೇರೆ ಬಳ್ಳಿ. ಅದರ ಬುಡದಲ್ಲಿರುವುದು 'ದೇವ್', ಇರಾನಿನಲ್ಲಿ ದೆವ್ವ ಎಂಬರ್ಥದ ಪದ. ದೆವ್ವ ಹಿಡಿದವನು ದೀವಾನಾ. ನಮ್ಮ 'ದೇವ'ನೂ ಅವರ 'ದೇವ್' ಕೂಡ ಒಂದೇ ತಾಯಿಯ ಮಕ್ಕಳು ಎಂಬುದು ಇನ್ನೊಂದು ಲೇಖನಕ್ಕಾಗುವಷ್ಟು ದೊಡ್ಡ ಜಗಳ. ದಿವಾಳಿಗೂ ದಿವಾನನಿಗೂ ನಂಟಿಲ್ಲ, ಕೆಲವು ಸಂಸ್ಥಾನಗಳ ಚರಿತ್ರೆ ಓದಿದರೆ ಇದ್ದಂತೆ ಕಾಣಬಹುದು, ಅಷ್ಟೆ.

ಅರಬರಿಗೆ ದೀವಾನ್ ಬೇಕಾದದ್ದು ಹಣ ಅತಿಯಾದಾಗ. ಖಲೀಫ ಉಮರ್ ಕಾಲ, ಏಳನೆಯ ಶತಮಾನ. ಅಬೂ ಹುರೈರಾ ಬಹ್ರೈನಿನಿಂದ ಬಂದು ಐದು ಲಕ್ಷ ದಿರ್ಹಂ ತಂದಿದ್ದೇನೆ ಎಂದಾಗ ಉಮರ್ ನಂಬಲಿಲ್ಲ. ನಿನಗೆ ನಿದ್ದೆಗಣ್ಣು, ಮನೆಗೆ ಹೋಗಿ ಮಲಗಿ ಬೆಳಿಗ್ಗೆ ಬಾ ಎಂದು ಕಳಿಸಿದರು. ಬೆಳಿಗ್ಗೆಯೂ ಅದೇ ಮೊತ್ತ. ಇಷ್ಟು ಹಣವನ್ನು ಹಂಚುವುದು ಹೇಗೆ ಎಂಬ ಪ್ರಶ್ನೆ ಬಂದಾಗ, ಗೆದ್ದ ನಾಡುಗಳ ಪದ್ಧತಿಯಂತೆ ಹೆಸರುಗಳ ಪಟ್ಟಿ ಮಾಡಿಸಿದರು. ಯಾರು ಯಾವ ಕುಲ, ಯಾವ ಯುದ್ಧದಲ್ಲಿದ್ದರು, ವರ್ಷಕ್ಕೆ ಎಷ್ಟು. ಬದ್ರ್ ಯುದ್ಧದಲ್ಲಿ ಕಾದಾಡಿದವರಿಗೆ 5,000 ದಿರ್ಹಂ. ಆ ಪಟ್ಟಿಯೇ ಅರಬರ ಮೊದಲ ದೀವಾನ್. ಪದವನ್ನು ಪರ್ಷಿಯನ್ನರಿಂದಲೇ ತೆಗೆದುಕೊಂಡರು. ಲೆಕ್ಕ ಬರೆಯಲು ಜನವನ್ನೂ ಅಲ್ಲಿಂದಲೇ ತೆಗೆದುಕೊಂಡರು.

ಅರ್ಧ ಶತಮಾನ ಹೀಗೇ ನಡೆಯಿತು. ಆಳುವವರು ಅರಬರು, ಇರಾಕಿನ ಲೆಕ್ಕ ಪರ್ಷಿಯನ್ನಿನಲ್ಲಿ, ಸಿರಿಯಾದ ಲೆಕ್ಕ ಗ್ರೀಕಿನಲ್ಲಿ. ಇದು ಬದಲಾದ ಬಗೆಯನ್ನು ಒಂಬತ್ತನೆಯ ಶತಮಾನದ ಅಲ್-ಬಲಾಧುರಿ ಬರೆದಿದ್ದಾನೆ. ಸಿರಿಯಾದ ಕಚೇರಿಯಲ್ಲಿ ಗ್ರೀಕ್ ಗುಮಾಸ್ತನೊಬ್ಬ ಶಾಯಿಗೆ ನೀರು ಸಿಗಲಿಲ್ಲವೆಂದು ದೌತಿಯಲ್ಲೇ ಮೂತ್ರ ಮಾಡಿದ. ಸುದ್ದಿ ಖಲೀಫ ಅಬ್ದುಲ್ ಮಲಿಕ್‌ಗೆ ಮುಟ್ಟಿತು. ಗುಮಾಸ್ತನಿಗೆ ಶಿಕ್ಷೆಯಾಯಿತು, ಲೆಕ್ಕವೆಲ್ಲ ಅರಬ್ಬಿಗೆ ಬದಲಾಯಿತು. ಇದು ಕ್ರಿ.ಶ. 700ರ ಮಾತು. ಕಾರಣ ದೌತಿಯೊಂದೇ ಆಗಿರಲಾರದು ಎಂಬುದು ಹೇಳಬೇಕಾದ್ದಿಲ್ಲ.

ಇರಾಕಿನ ಕಥೆ ಇದಕ್ಕಿಂತ ಆಳದ್ದು. ಸಾಲಿಹ್ ಎಂಬ ಕಿರಿಯ ಗುಮಾಸ್ತ, ಪರ್ಷಿಯನ್ ಲೆಕ್ಕವನ್ನು ಅರಬ್ಬಿಯಲ್ಲಿ ಬರೆಯಬಲ್ಲೆ ಎಂದು ಒಪ್ಪಿಕೊಂಡ. ಹಳೆಯ ಲೆಕ್ಕಿಗನ ಮಗ ಮರ್ದಾನ್‌ಶಾಹ್ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಭಿನ್ನರಾಶಿಗಳ ಹೆಸರುಗಳನ್ನು ಏನು ಮಾಡುತ್ತೀ? ಸಾಲಿಹ್ ಪ್ರತಿಯೊಂದಕ್ಕೂ ಅರಬ್ಬಿ ಮಾತು ಹೇಳುತ್ತಾ ಹೋದ. ಪರ್ಷಿಯನ್ನಿನ ಬೇರನ್ನೇ ಕಡಿದೆ, ದೇವರು ನಿನ್ನ ಬೇರು ಕಡಿಯಲಿ ಎಂದು ಮರ್ದಾನ್‌ಶಾಹ್ ಶಪಿಸಿದ. ನನ್ನಿಂದಾಗದು ಎಂದು ಹೇಳಿಬಿಡು ಸಾಕು ಎಂದು ಪರ್ಷಿಯನ್ನರು ಒಂದು ಲಕ್ಷ ದಿರ್ಹಂ ಕೊಡಲು ಬಂದರು. ಸಾಲಿಹ್ ತೆಗೆದುಕೊಳ್ಳಲಿಲ್ಲ. ಭಾಷೆಯೊಂದು ಅಧಿಕಾರ ಕಳೆದುಕೊಳ್ಳುವುದು ಕಾವ್ಯದಲ್ಲಿ ಸೋತಾಗಲ್ಲ, ಕಾಲು ಮುಕ್ಕಾಲನ್ನು ಬೇರೆ ಭಾಷೆಯಲ್ಲಿ ಬರೆಯಲು ಶುರುವಾದಾಗ ಎಂದು ಮರ್ದಾನ್‌ಶಾಹ್‌ಗೆ ಗೊತ್ತಿತ್ತು. ಆಡಳಿತ ಕನ್ನಡದ ಬಗ್ಗೆ ಚರ್ಚಿಸುವವರು ಈ ಪುಟವನ್ನು ಒಮ್ಮೆ ಓದಬೇಕು. ಸಾಲಿಹ್‌ನಂಥವನು ಸಿಗುವವರೆಗೆ ಆದೇಶಗಳಿಂದ ಹೆಚ್ಚೇನೂ ಆಗುವುದಿಲ್ಲ.

ದೀವಾನಿನ ಜೊತೆಗೇ ಅರಬ್ಬಿಗೆ ಬಂದ ಇನ್ನೊಂದು ಕಚೇರಿ ಪದ ದಫ್ತರ. ಅದರ ಮೂಲ ಗ್ರೀಕಿನ 'ದಿಫ್ಥೆರಾ', ಅಂದರೆ ಹದ ಮಾಡಿದ ತೊಗಲು. ಮಣ್ಣಿನ ಹಲಗೆಯಿಂದ ದಿವಾನ, ಬರೆಯುವ ತೊಗಲಿನಿಂದ ದಫ್ತರ. 1826ರಲ್ಲಿ ಫ್ರೆಂಚ್ ವೈದ್ಯ ಬ್ರೆತೊನೊ, ಮಕ್ಕಳ ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುವ ಕಾಯಿಲೆಗೆ ಅದೇ ಗ್ರೀಕ್ ಪದದಿಂದ ಹೆಸರಿಟ್ಟ. ಹೀಗೆ ನಮ್ಮ ಗಂಟಲಮಾರಿಯ ಇಂಗ್ಲಿಷ್ ಹೆಸರು ಡಿಫ್ತೀರಿಯಾ ಮತ್ತು ತಾಲ್ಲೂಕು ಕಚೇರಿಯ ದಫ್ತರ ಒಂದೇ ಮನೆಯವಾದವು.

ಇನ್ನು ಕಾವ್ಯ. ಲೆಕ್ಕದ ಕಡತದ ಹೆಸರು ಕವಿತೆಯ ಪುಸ್ತಕಕ್ಕೆ ಬಂದದ್ದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಕಾವ್ಯವೇ ಅರಬರ ದೀವಾನ್ ಎಂಬ ಹಳೆಯ ಮಾತೊಂದಿದೆ. ಕುಲದ ವಂಶಾವಳಿ, ಹಗೆತನ, ಸಾಲ, ಋಣ ಎಲ್ಲ ಪದ್ಯದಲ್ಲೇ ದಾಖಲಾಗುತ್ತಿದ್ದುದರಿಂದ ಅದು ಅವರ ಕಡತವೇ ಆಗಿತ್ತು. ಆಮೇಲೆ ಒಬ್ಬ ಕವಿಯ ಎಲ್ಲ ಬಿಡಿ ಪದ್ಯಗಳನ್ನು ಕಟ್ಟಿ ಹೊಲಿದರೆ ದೀವಾನ್ ಎನ್ನುವುದು ರೂಢಿಯಾಯಿತು. ಅದರಲ್ಲಿ ಪದ್ಯಗಳ ಕ್ರಮವನ್ನು ಗಮನಿಸಬೇಕು. ಯಾವಾಗ ಬರೆದದ್ದು, ಯಾವ ವಿಷಯದ್ದು ಎಂಬುದನ್ನು ಕೇಳುವಂತಿಲ್ಲ. ಗಜಲಿನ ಸಾಲು ಯಾವ ಅಕ್ಷರದಲ್ಲಿ ಮುಗಿಯುತ್ತದೋ ಆ ಅಕ್ಷರದ ಸರದಿಯಲ್ಲಿ ಜೋಡಣೆ. ಯೌವನದ ಉನ್ಮಾದವೂ ಮುಪ್ಪಿನ ಹತಾಶೆಯೂ ಒಂದೇ ಅಕ್ಷರದಲ್ಲಿ ಮುಗಿದರೆ ಅಕ್ಕಪಕ್ಕ. ಗುಮಾಸ್ತನ ಕೈ ಇಲ್ಲಿಯೂ ಕಾಣುತ್ತದೆ.

ಹಾಫಿಜ್‌ನ ದೀವಾನ್ ಜರ್ಮನ್ ಅನುವಾದದಲ್ಲಿ ಕವಿ ಗಯಟೆಯ ಕೈಸೇರಿದಾಗ ಅವನಿಗೆ ಅರವತ್ತು ದಾಟಿತ್ತು. 1819ರಲ್ಲಿ ಅವನು ತನ್ನದೇ ಒಂದು ದೀವಾನ್ ಪ್ರಕಟಿಸಿದ, ಹೆಸರಿನಲ್ಲೇ ಪೂರ್ವ ಪಶ್ಚಿಮಗಳನ್ನು ಸೇರಿಸಿ. ನನಗೆ ಹೆಚ್ಚು ಹಿಡಿಸುವುದು ಗಾಲಿಬನ ಪ್ರಸಂಗ. ಅವನ ಉರ್ದು ದೀವಾನ್ ದೆಹಲಿಯಲ್ಲಿ ಅಚ್ಚಾದದ್ದು 1841ರಲ್ಲಿ. ಅದಕ್ಕೆ ಮುಂಚೆ ವರ್ಷಗಟ್ಟಲೆ ಅವನು ಅಲೆದದ್ದು ಇನ್ನೊಂದು ಅರ್ಥದ ದೀವಾನಿನ ಬಾಗಿಲಿಗೆ. ಕುಟುಂಬದ ಪಿಂಚಣಿ ತನಗೆ ಪೂರ್ತಿ ಸಲ್ಲುತ್ತಿಲ್ಲವೆಂದು 1828ರಲ್ಲಿ ಕಲ್ಕತ್ತೆಯವರೆಗೆ ಹೋಗಿ ಕಂಪನಿ ಸರ್ಕಾರಕ್ಕೆ ಅರ್ಜಿ ಹಾಕಿದ. ಅರ್ಜಿ ಬಿದ್ದುಹೋಯಿತು. ಪಿಂಚಣಿಯ ಕಡತದಲ್ಲಿ ಸೋತವನ ಹೆಸರು ಉಳಿದದ್ದು ಗಜಲಿನ ಕಡತದಲ್ಲಿ.

ಯುರೋಪಿಗೆ ಪದ ದಾಟಿದ್ದು ಬಂದರುಗಳಲ್ಲಿ. ಅರಬರಿಂದ ಸಿಸಿಲಿ ಗೆದ್ದುಕೊಂಡ ನಾರ್ಮನ್ ದೊರೆಗಳು ಅವರ ಲೆಕ್ಕದ ಇಲಾಖೆಯನ್ನು ಹಾಗೇ ಇಟ್ಟುಕೊಂಡು ಲ್ಯಾಟಿನ್ನಿನಲ್ಲಿ 'ದುವಾನಾ' ಎಂದರು. ಇಟಲಿಯಲ್ಲಿ 'ದೋಗಾನಾ', ಫ್ರಾನ್ಸಿನಲ್ಲಿ 'ದುವಾನ್', ಸ್ಪೇನಿನಲ್ಲಿ 'ಅದುವಾನಾ', ಎಲ್ಲವೂ ಸುಂಕದ ಕಟ್ಟೆಗಳೇ. ವೆನಿಸ್ಸಿನ ದೊಡ್ಡ ಕಾಲುವೆಯ ಮೂತಿಯಲ್ಲಿ ನಿಂತಿರುವ ಹಳೆಯ ದೋಗಾನಾ ಇವತ್ತು ಕಲಾ ಮ್ಯೂಸಿಯಂ. ಇಬ್ನ್ ಜುಬೈರ್‌ನ ಸೊಂಟಪಟ್ಟಿಗೆ ಕೈಹಾಕಿದ ಪದದ ಮುಂದೆ ನಾವು ಈಗಲೂ ಸೂಟ್‌ಕೇಸ್ ಬಿಚ್ಚಿ ನಿಲ್ಲುತ್ತೇವೆ.

ಮಂಚವಾದದ್ದು ಇಸ್ತಾಂಬುಲ್ ದಾರಿಯಲ್ಲಿ. ಒಟ್ಟೊಮನ್ ಸುಲ್ತಾನರ ಟೋಪ್‌ಕಾಪಿ ಅರಮನೆಯಲ್ಲಿ ಗುಮ್ಮಟದ ಕೆಳಗೊಂದು ಕೋಣೆ. ವಾರಕ್ಕೆ ನಾಲ್ಕು ದಿನ ವಜೀರರು ಅಲ್ಲಿ ಸೇರಿ ರಾಜ್ಯಭಾರ ಮಾತಾಡುತ್ತಿದ್ದರು. ಆ ಸಭೆಯ ಹೆಸರು ದಿವಾನ್. ಕುರ್ಚಿಗಳಿಲ್ಲ. ಗೋಡೆಯುದ್ದಕ್ಕೂ ತಗ್ಗಾದ ಪೀಠ, ಮೇಲೆ ಹಾಸು, ಒರಗಲು ದಿಂಬು. ಮೇಲುಗಡೆ ಜಾಲರಿಯ ಕಿಟಕಿ, ಅದರ ಹಿಂದೆ ಸುಲ್ತಾನ ಇದ್ದಾನೋ ಇಲ್ಲವೋ ಕೆಳಗೆ ಕೂತವರಿಗೆ ತಿಳಿಯದು. ಜಾನಿಸರಿ ಸೈನಿಕರ ಸಂಬಳ ಹಂಚುತ್ತಿದ್ದದ್ದೂ ಈ ದಿವಾನಿನ ಅಂಗಳದಲ್ಲೇ. ಬಂದುಹೋದ ಯುರೋಪಿಯನ್ನರಿಗೆ ಸಭೆಗಿಂತ ಆಸನ ನೆನಪುಳಿಯಿತು, ಆಸನಕ್ಕೇ ಆ ಹೆಸರಿಟ್ಟರು. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಮನಶ್ಶಾಸ್ತ್ರಜ್ಞರ ಮುಂದೆ ಮಲಗಿ ಮನಸ್ಸು ಬಿಚ್ಚುವ ಹಾಸಿಗೆಯೂ ದಿವಾನ್. ಅದೇ ಒಟ್ಟೊಮನ್ ಕಚೇರಿಯ ಫರ್ಮಾನುಗಳಿಗೆಂದು ರೂಪುಗೊಂಡ, ಅಕ್ಷರಗಳು ಒಂದರ ಮೈಮೇಲೊಂದು ಬಿದ್ದು ಹರಿಯುವ ಬರಹದ ಶೈಲಿಗೆ 'ದಿವಾನಿ' ಎಂದು ಹೆಸರು. ಪರರು ಸುಲಭವಾಗಿ ಓದಬಾರದು, ನಡುವೆ ಒಂದಕ್ಷರ ತುರುಕಬಾರದು ಎಂದೇ ಅದು ಅಷ್ಟು ಒತ್ತಾಗಿದೆ. ಲಿಪಿಯ ಹೊಟ್ಟೆಯಲ್ಲಿ ಹುಟ್ಟಿದ ಪದ ತಿರುಗಿ ಲಿಪಿಯೊಂದಕ್ಕೆ ಹೆಸರಾದದ್ದು ಹೀಗೆ.

ನಮ್ಮ ಮನೆಗಳ ದಿವಾನ್ ಕಾಟ್ ಬಂದದ್ದು ಇಂಗ್ಲಿಷಿನ ಮೂಲಕ. ಅದರಿಂದ ಹುಟ್ಟಿದ್ದು ಜವಳಿ ಅಂಗಡಿಯ 'ದಿವಾನ್ ಸೆಟ್': ಒಂದು ಹಾಸು, ಎರಡು ಲೋಡಿನ ಕವರು, ಜೊತೆಗೆ ಕುಶನ್ ಕವರುಗಳು. ಬೆಳಗಾವಿ, ಧಾರವಾಡದ ಹಳೆಯ ಮನೆಗಳ 'ದಿವಾನಖಾನೆ' ಮಾತ್ರ ಇಂಗ್ಲಿಷಿಗೆ ಋಣಿಯಲ್ಲ, ಮರಾಠಿಯ ಮೂಲಕ ನೇರ ಪರ್ಷಿಯನ್ನಿನಿಂದ ಬಂದದ್ದು. ಅಲ್ಲಿ ಲೋಡಿಗೆ ಒರಗಿ ಕೂತ ಯಜಮಾನರ ಮುಂದೆ ಲೆಕ್ಕದ ವಹಿ ತೆರೆದಿರುತ್ತಿತ್ತು.

ಭಾರತದಲ್ಲಿ ದೀವಾನ್ ಮೊದಲು ಇಲಾಖೆಯ ಹೆಸರಾಗಿ ಬಂತು. ದೆಹಲಿ ಸುಲ್ತಾನರಲ್ಲಿ ಸೈನ್ಯಕ್ಕೆ ದೀವಾನ್-ಎ-ಅರ್ಜ್, ಪತ್ರವ್ಯವಹಾರಕ್ಕೆ ದೀವಾನ್-ಎ-ಇನ್ಶಾ. ಮುಹಮ್ಮದ್ ಬಿನ್ ತುಘಲಕ್ ಬೇಸಾಯದ ಅಭಿವೃದ್ಧಿಗೆಂದೇ ದೀವಾನ್-ಎ-ಕೋಹಿ ತೆರೆದ. ಬೀದರ್ ಕೋಟೆಯಲ್ಲೂ ದೀವಾನ್-ಎ-ಆಮ್ ಇದೆ. ಮೊಘಲರ ಹೊತ್ತಿಗೆ ಪದ ಕಟ್ಟಡದಿಂದ ಎದ್ದು ಮನುಷ್ಯನಾಯಿತು: ದಿವಾನ ಎಂದರೆ ಕಂದಾಯದ ಮುಖ್ಯಸ್ಥ. ಪ್ರಾಂತ್ಯದಲ್ಲಿ ಸೈನ್ಯ ಸುಬೇದಾರನ ಕೈಯಲ್ಲಿ, ಹಣ ದಿವಾನನ ಕೈಯಲ್ಲಿ. ಇಬ್ಬರಿಗೂ ಹೊಂದಾಣಿಕೆ ಆಗಬಾರದು ಎಂಬುದೇ ಏರ್ಪಾಡು. ಬಂಗಾಳದ ದಿವಾನ ಮುರ್ಷಿದ್ ಕುಲಿ ಖಾನ್, ಸುಬೇದಾರನಾಗಿದ್ದ ಔರಂಗಜೇಬನ ಮೊಮ್ಮಗನ ಜೊತೆ ಏಗಲಾರದೆ ತನ್ನ ಕಚೇರಿಯನ್ನೇ ಢಾಕಾದಿಂದ ಎತ್ತಿಕೊಂಡು ಹೋದ. ಅವನು ಹೋಗಿ ನೆಲೆಸಿದ ಊರು ಮುರ್ಷಿದಾಬಾದ್ ಆಯಿತು. ಲೆಕ್ಕದ ಕಡತ ಹೋದ ಕಡೆ ರಾಜಧಾನಿಯೂ ಹಿಂಬಾಲಿಸಿತು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಈಸ್ಟ್ ಇಂಡಿಯಾ ಕಂಪನಿಯವರು. 1765ರ ಆಗಸ್ಟ್ 12ರಂದು ಅಲಹಾಬಾದಿನಲ್ಲಿ ಬಾದಶಹ ಎರಡನೆಯ ಶಾ ಆಲಂ ಅವರಿಗೆ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ ಬರೆದುಕೊಟ್ಟ, ವರ್ಷಕ್ಕೆ 26 ಲಕ್ಷ ರೂಪಾಯಿ ಕೊಡಬೇಕೆಂಬ ಮಾತಿನ ಮೇಲೆ. ಚಿತ್ರಕಾರ ಬೆಂಜಮಿನ್ ವೆಸ್ಟ್ ಆ ಘಟನೆಯನ್ನು ಎತ್ತರದ ಸಿಂಹಾಸನ, ಆನೆಗಳೊಂದಿಗೆ ಬಿಡಿಸಿದ್ದಾನೆ. ನಿಜದಲ್ಲಿ ಅದು ನಡೆದದ್ದು ಕಂಪನಿಯ ಕ್ಲೈವನ ಡೇರೆಯಲ್ಲಿ, ಊಟದ ಮೇಜಿನ ಮೇಲೆ ಕುರ್ಚಿಯಿಟ್ಟು ಬಟ್ಟೆ ಹೊದಿಸಿದ್ದೇ ಸಿಂಹಾಸನ ಎನ್ನುತ್ತಾರೆ. ಕಂಪನಿ ಕೇಳಿದ್ದು ಕಿರೀಟವನ್ನಲ್ಲ, ಕಂದಾಯದ ವಹಿಯನ್ನು. ಮಿಕ್ಕದ್ದು ತಾನಾಗಿ ಬಂತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಆಸ್ತಿ, ಸಾಲ, ವಾರಸಿಕೆಯ ವ್ಯಾಜ್ಯಗಳಿಗೆ ದಿವಾನಿ ಅದಾಲತ್, ಅಪರಾಧಗಳಿಗೆ ಫೌಜದಾರಿ ಅದಾಲತ್ ಎಂದು ಬೇರೆ ಮಾಡಿದ. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಉತ್ತರದ ಜಿಲ್ಲೆಗಳ ಹಳೆಯ ಕೋರ್ಟು ಕಾಗದಗಳಲ್ಲಿ 'ದಿವಾಣಿ ದಾವೆ' ಕಾಣುವುದು ಇದರಿಂದಲೇ. ಫೌಜದಾರಿಯನ್ನು ನಾವಿನ್ನೂ ಬಿಟ್ಟಿಲ್ಲ, ದಿವಾಣಿಯ ಜಾಗಕ್ಕೆ ಮಾತ್ರ 'ಸಿವಿಲ್' ಬಂದು ಕೂತಿದೆ.

ಮೈಸೂರಿನ ಮಟ್ಟಿಗೆ ಪದದ ಹಳೆಯ ಕಸುಬು ಕೊನೆಯವರೆಗೂ ಮಾಸಲಿಲ್ಲ. ಪೂರ್ಣಯ್ಯ ಬದುಕು ಶುರುಮಾಡಿದ್ದು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ. ಹೈದರ್ ಅಲಿಯ ಕಣ್ಣಿಗೆ ಬಿದ್ದದ್ದು ಆ ಲೆಕ್ಕದ ಚುರುಕಿನಿಂದ, ಬರಹದ ಅಂದದಿಂದ. ಹೈದರ್, ಟಿಪ್ಪು ಇಬ್ಬರ ಖಜಾನೆಯನ್ನೂ ನೋಡಿ, 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರ ಹೆಸರಿನಲ್ಲಿ ರಾಜ್ಯ ನಡೆಸುವ ದಿವಾನರಾದರು. ಮೂರು ಒಡೆತನ ಬದಲಾದರೂ ಲೆಕ್ಕ ಬಲ್ಲವನನ್ನು ಯಾರೂ ಕಳೆದುಕೊಳ್ಳಲಿಲ್ಲ.

ರಂಗಾಚಾರ್ಲು ಕೂಡ 1868ರಲ್ಲಿ ಮೈಸೂರಿಗೆ ಬಂದದ್ದು ಅರಮನೆಯ ಆಯವ್ಯಯ ಸರಿಪಡಿಸಲು. 1881ರಲ್ಲಿ ರಾಜ್ಯ ಬ್ರಿಟಿಷರಿಂದ ಒಡೆಯರಿಗೆ ಮರಳಿದಾಗ ಅವರೇ ದಿವಾನರು. ಕೈಗೆ ಸಿಕ್ಕಿದ್ದು 1876–78ರ ಬರದಲ್ಲಿ ಜರ್ಜರಿತವಾದ ನಾಡು, ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ. ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, 144 ಮಂದಿ ಪ್ರತಿನಿಧಿಗಳನ್ನು ಕೂರಿಸಿಕೊಂಡು ರಾಜ್ಯದ ಹಣಕಾಸಿನ ಸ್ಥಿತಿಯನ್ನು ಓದಿ ಹೇಳಿದರು. ಪ್ರಜಾಪ್ರತಿನಿಧಿ ಸಭೆಯ ಆರಂಭ ಅದು. ಪ್ರತಿನಿಧಿಗಳಿಗೆ ಮತ ಹಾಕುವ ಹಕ್ಕಿರಲಿಲ್ಲ, ಕೇಳುವ ಹಕ್ಕು ಮಾತ್ರ ಇತ್ತು ಎಂದು ಅದನ್ನು ಹಗುರ ಮಾಡುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅಲ್ಲಿಯವರೆಗೆ ದೀವಾನ್ ಎಂಬುದು ಪ್ರಜೆಗಳ ಮೇಲೆ ಬರೆದ ಲೆಕ್ಕ. ಪ್ರಜೆಗಳಿಗೆ ಲೆಕ್ಕ ಒಪ್ಪಿಸುವುದು ಆ ಹುದ್ದೆಗೆ ಹೊಸದು. ಆಮೇಲೆ ಶೇಷಾದ್ರಿ ಅಯ್ಯರ್ 18 ವರ್ಷ, ವಿಶ್ವೇಶ್ವರಯ್ಯ ಆರು, ಮಿರ್ಜಾ ಇಸ್ಮಾಯಿಲ್ ಹದಿನೈದು. ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆ, ಉದ್ಯಾನಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಕಾಲದ ದಿವಾನರನ್ನು ಹತ್ತಿರದಿಂದ ಕಾಣಬೇಕೆನ್ನುವವರಿಗೆ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ' ಇದೆ.

ಇಷ್ಟೆಲ್ಲ ಗೌರವ ಗಳಿಸಿದ ಪದವನ್ನು ಕೊನೆಗೆ ಕೆಳಗಿಳಿಸಿದ್ದು ಬೀದಿ. ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಎದ್ದಾಗ ಜನರ ಬಾಯಲ್ಲಿದ್ದ ಕೂಗು 'ಆರ್ಕಾಟ್ ಬಾಯ್ಕಾಟ್'. ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಆಗ ದಿವಾನರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು, 1949ಕ್ಕೆ ದಿವಾನ ಹುದ್ದೆಯೇ ಹೋಯಿತು. ಕನ್ನಡಿಗರ ಕಿವಿಗೆ ಆ ಹೊತ್ತಿನಲ್ಲಿ ದಿವಾನ ಎಂದರೆ ಚುನಾಯಿತ ಸರ್ಕಾರಕ್ಕೆ ಅಡ್ಡ ನಿಂತ ಅಧಿಕಾರ.

ಬೇರೆ ಕಡೆ ಇದೇ ಪದಕ್ಕೆ ತದ್ವಿರುದ್ಧ ಯೋಗ. ಮಲೇಷ್ಯಾದ ಕೆಳಮನೆಯ ಹೆಸರು 'ದೇವಾನ್ ರಾಕ್ಯತ್', ಜನರ ದಿವಾನ್. ಇಂಡೋನೇಷ್ಯಾದ ಪ್ರತಿನಿಧಿ ಸಭೆಯ ಹೆಸರಿನಲ್ಲೂ ಅದೇ ದೇವಾನ್. ಕುವೈತಿನ ಮನೆಗಳಲ್ಲಿ ಗಂಡಸರು ಸಂಜೆ ಸೇರುವ, ಗೋಡೆಯುದ್ದಕ್ಕೂ ದಿಂಬಿಟ್ಟ ಕೋಣೆ 'ದೀವಾನಿಯಾ'. ಅಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಇದು ಗೊತ್ತಿರುವ ಮಾತು. 1986ರಲ್ಲಿ ವಿಸರ್ಜಿಸಿದ ಸಂಸತ್ತನ್ನು ಮರಳಿ ಕರೆಯಿರೆಂದು 1989ರ ಕೊನೆಗೆ ಅಲ್ಲಿ ಚಳವಳಿ ನಡೆದದ್ದು ಸೋಮವಾರದ ದೀವಾನಿಯಾಗಳಲ್ಲೇ. ಸಿಖ್ಖರಲ್ಲಿ ಗುರುಗ್ರಂಥದ ಮುಂದೆ ಸಂಗತ್ತು ಸೇರುವುದೇ ದೀವಾನ್, ಬೀದರಿನ ನಾನಕ್ ಝಿರಾದಲ್ಲೂ ಹಾಗೆಯೇ. ಅರಬ್ ಹಡಗುಗಳ ಜೊತೆ ಪೂರ್ವ ಆಫ್ರಿಕಾಕ್ಕೆ ಹೋದ ಪದ ಅಲ್ಲಿನ ಸ್ವಾಹಿಲಿಯಲ್ಲಿ 'ದಿವಾನಿ' ಆಗಿ ಉಳಿಯಿತು. ಟಾಂಜಾನಿಯಾದಲ್ಲಿ ದಿವಾನಿ ಎಂದರೆ ವಾರ್ಡಿನ ಜನ ಓಟು ಹಾಕಿ ಆರಿಸಿದ ಸದಸ್ಯ, ನಮ್ಮ ಕಾರ್ಪೊರೇಟರ್ ಇದ್ದಂತೆ. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ದಾರ್ ಎಸ್ ಸಲಾಮಿನ ಜನ ನೇರ ದಿವಾನಿಯ ಮನೆ ಬಾಗಿಲಿಗೆ ಹೋಗಿ ದಬಾಯಿಸಬಹುದು.